ರೋಬರ್ನ್ ಜೈಲಿನ ಬೇಗೆ, ಹುಬ್ಬಳ್ಳಿಯ ಸೆಟ್ಲಮೆಂಟ್

ತಂಗಿ,

ಫೆಬ್ರವರಿಯಲ್ಲಿ ಸಮಾಜಕಾರ್ಯ ಓದಲು ಆಸ್ಟ್ರೇಲಿಯಾದ ಪರ್ತ್‌ಗೆ ಬರುತ್ತೀಯ ಎಂದು ತಿಳಿದು ಸಂತೋಷವಾಯಿತು. ಇಲ್ಲಿನ ಬದುಕು ಹೇಗೆ ಎಂದು ಕೇಳಿದ್ದೀಯ. ಅದರ ಜೊತೆಗೆ ಇನ್ನೊಂದು ಪ್ರಶ್ನೆ: ‘ಅಕ್ಕಾ, ನಿಮ್ಮ ಪರಿಚಯದಲ್ಲಿ ಅಪರಾಧ ನ್ಯಾಯ, ಹವಾಮಾನ ನ್ಯಾಯ ಎಂದು ಎರಡು ಆಸಕ್ತಿ ಬರೆದುಕೊಂಡಿದ್ದೀರಿ. ಜೈಲಿಗೂ ಮಳೆ ಬಿಸಿಲಿಗೂ ಎಲ್ಲಿಯ ನಂಟು?’ ಬದುಕಿನ ಮಾತು ಆಮೇಲೆ ಬರೆಯುತ್ತೇನೆ. ನಂಟಿನ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗಳೂ ಕೇಳುತ್ತಾರೆ, ಆದ್ದರಿಂದ ಮೊದಲು ಅದು.

ಪರ್ತ್‌ನಿಂದ ಸುಮಾರು 1,500 ಕಿಲೋಮೀಟರ್ ಉತ್ತರಕ್ಕೆ, ಪಿಲ್ಬರಾ ಸೀಮೆಯಲ್ಲಿ ರೋಬರ್ನ್ ಎಂಬ ಸಣ್ಣ ಊರಿದೆ. 2022ರ ಜನವರಿ 13ರಂದು ಅಲ್ಲಿ 50.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಆ ಊರಿನಲ್ಲಿ ಒಂದು ಜೈಲಿದೆ. ಆಗ ಅದರ ಬಹುತೇಕ ಕೋಣೆಗಳಲ್ಲಿ ಹವಾನಿಯಂತ್ರಣ ಇರಲಿಲ್ಲ. ರಾಯಚೂರಿನ ಏಪ್ರಿಲ್ ಕಂಡವರಿಗೆ ಬಿಸಿಲು ಹೊಸತೇನಲ್ಲ ಎನ್ನಬಹುದು. ಆದರೆ ರಾಯಚೂರಿನವನು ರಾತ್ರಿ ಮಾಳಿಗೆಯ ಮೇಲೆ ಹೋಗಿ ಮಲಗುತ್ತಾನೆ, ಬೇವಿನ ಮರದ ಕೆಳಗೆ ಹೊರಸು ಹಾಕಿಕೊಳ್ಳುತ್ತಾನೆ. ಹೊರಗಿನಿಂದ ಬೀಗ ಬಿದ್ದ ಕೋಣೆಯಲ್ಲಿರುವವನು ಎಲ್ಲಿಗೆ ಹೋಗಬೇಕು? ಹಗಲಿಡೀ ಕಾದ ಗೋಡೆ ರಾತ್ರಿಯೆಲ್ಲ ಉಗುಳುವ ಝಳವನ್ನು ಯಾವ ನ್ಯಾಯಾಧೀಶರೂ ಶಿಕ್ಷೆಯಲ್ಲಿ ಬರೆದಿರುವುದಿಲ್ಲ. ಹವಾನಿಯಂತ್ರಣ ಕೊಡುವುದಾಗಿ ಸರ್ಕಾರ ಒಪ್ಪಿಕೊಂಡದ್ದು ಜನ ಕೂಗಾಡಿದ ಮೇಲೆ.

ಆ ಕೋಣೆಗಳಲ್ಲಿರುವವರು ಯಾರು ಎಂದು ಕೇಳಿಕೊಂಡಾಗ ನನ್ನ ಎರಡು ಆಸಕ್ತಿಗಳು ಒಂದಾದವು. ಅಲ್ಲಿ ಹೆಚ್ಚಿನವರು ಮೂಲನಿವಾಸಿಗಳು. ಇಡೀ ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 4ರಷ್ಟೂ ಇಲ್ಲ, ಸೆರೆಮನೆಗಳಲ್ಲಿ ಮಾತ್ರ ಮೂರರಲ್ಲಿ ಒಬ್ಬರು ಅವರೇ. ಅದೇ ಪಿಲ್ಬರಾದ ನೆಲದಿಂದ ಕಬ್ಬಿಣದ ಅದಿರು, ಕಡಲಿನಿಂದ ಅನಿಲ ಹಡಗು ಹಡಗುಗಟ್ಟಲೆ ಹೊರಗೆ ಹೋಗುತ್ತವೆ. ಭೂಮಿಯನ್ನು ಕಾಯಿಸುವ ವ್ಯಾಪಾರದಲ್ಲಿ ಲಾಭ ಕಂಡವರು ತಂಪು ಕಚೇರಿಗಳಲ್ಲಿದ್ದಾರೆ. ನೆಲ ಯಾರದಾಗಿತ್ತೋ ಅವರ ಮಕ್ಕಳು ಬೀಗದೊಳಗೆ ಬೆವರುತ್ತಿದ್ದಾರೆ. ಬಳ್ಳಾರಿ, ಸಂಡೂರಿನ ಕೆಂಪು ಧೂಳು ನೋಡಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರೋಬರ್ನ್ ಹೆಸರು ಈ ದೇಶದ ನೆನಪಿನಲ್ಲಿ ಉಳಿದದ್ದು ಬಿಸಿಲಿಗಿಂತ ಮೊದಲು. 1983ರಲ್ಲಿ ಜಾನ್ ಪ್ಯಾಟ್ ಎಂಬ 16 ವರ್ಷದ ಮೂಲನಿವಾಸಿ ಹುಡುಗ ಅಲ್ಲಿನ ಪೊಲೀಸ್ ಲಾಕಪ್ಪಿನಲ್ಲಿ ಸತ್ತ. ವಿಚಾರಣೆಗೆ ಒಳಗಾದ ಪೊಲೀಸರೆಲ್ಲ ಖುಲಾಸೆಯಾದರು. ಅಂಥ ಸಾವುಗಳ ಮೇಲೆ ಎದ್ದ ಆಕ್ರೋಶದಿಂದ 1987ರಲ್ಲಿ ರಾಯಲ್ ಕಮಿಷನ್, ಅಂದರೆ ಸರ್ಕಾರದ ಉನ್ನತ ತನಿಖಾ ಆಯೋಗ, ನೇಮಕವಾಯಿತು. ಅದು 99 ಸಾವುಗಳನ್ನು ಪರಿಶೀಲಿಸಿ, 1991ರಲ್ಲಿ 339 ಶಿಫಾರಸುಗಳನ್ನು ಕೊಟ್ಟಿತು. ಆಮೇಲೆ 500ಕ್ಕೂ ಹೆಚ್ಚು ಮೂಲನಿವಾಸಿಗಳು ಬಂಧನದಲ್ಲಿ ಸತ್ತಿದ್ದಾರೆ. 2014ರಲ್ಲಿ ಇದೇ ಪಿಲ್ಬರಾದ ಸೌತ್ ಹೆಡ್‌ಲ್ಯಾಂಡ್‌ನಲ್ಲಿ 22 ವರ್ಷದ ಹೆಣ್ಣುಮಗಳೊಬ್ಬಳು ದಂಡ ಕಟ್ಟಲಾಗದೆ ಲಾಕಪ್ ಸೇರಿ ಪ್ರಾಣ ಬಿಟ್ಟಳು. ದಂಡ ಬಾಕಿಗಾಗಿ ಜನರನ್ನು ಜೈಲಿಗೆ ಕಳಿಸುವ ಪದ್ಧತಿಗೆ ಇಲ್ಲಿನ ಕಾನೂನು ತಡೆ ಹಾಕಿದ್ದು 2020ರಲ್ಲಿ. ಆರು ವರ್ಷ ಬೇಕಾಯಿತು.

ನಮ್ಮ ವೃತ್ತಿಯನ್ನು ಒಳ್ಳೆಯತನದ ಕೆಲಸವೆಂದು ಎಲ್ಲರೂ ಕಾಣುತ್ತಾರೆ ಎಂದುಕೊಂಡು ಬರಬೇಡ. ಮೂಲನಿವಾಸಿ ತಾಯಂದಿರ ಮಡಿಲಿನಿಂದ ಮಕ್ಕಳನ್ನು ಕಿತ್ತು ಒಯ್ದ ಕಾಲದಲ್ಲಿ ಸಮಾಜಕಾರ್ಯದವರ ಕೈಗಳೂ ಅದರಲ್ಲಿ ಇದ್ದವು. ಇಂದಿಗೂ ಕೆಲವು ಮನೆಗಳಲ್ಲಿ ‘ವೆಲ್ಫೇರ್‌ನವರು ಬಂದರು’ ಎಂದರೆ ಅಜ್ಜಿಯರ ಮುಖ ಗಟ್ಟಿಯಾಗುತ್ತದೆ.

ನಾನು ಬಂದ ಹೊಸತರಲ್ಲಿ ಒಂದು ಸಭೆಗೆ ಟಿಪ್ಪಣಿ ಪುಸ್ತಕ ಹಿಡಿದು ಹೋಗಿದ್ದೆ. ಒಂದರ ಮೇಲೊಂದು ಪ್ರಶ್ನೆ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಪರ್ತ್ ಸೀಮೆಯ ಮೂಲನಿವಾಸಿಗಳಾದ ನ್ಯೂಂಗರ್ ಜನರ ಹಿರಿಯಳೊಬ್ಬಳು, ‘ನೀನು ಯಾರ ಮಗಳು? ನಿನ್ನ ಊರಿನ ನೀರು ಯಾವುದು?’ ಎಂದು ತಿರುಗಿ ಕೇಳಿದಳು. ಧಾರವಾಡದಲ್ಲಿ ಹುಟ್ಟಿ, ಕಣ್ಣಿಗೆ ಕಾಣದಂತೆ ಹರಿಯುವ ಶಾಲ್ಮಲೆಯ ಕಥೆ ಹೇಳಿದೆ. ಆಕೆ ನಕ್ಕು ಪಕ್ಕದ ಕುರ್ಚಿ ತೋರಿಸಿದಳು. ಆ ದಿನ ನನ್ನ ಪುಸ್ತಕದಲ್ಲಿ ಒಂದು ಸಾಲೂ ಬರೆಯಲಿಲ್ಲ, ಮೂರು ಲೋಟ ಚಹಾ ಕುಡಿದು ಬಂದೆ.

ಹಾಗೆಂದು ಇದು ಅವರ ದೇಶದ ಪಾಪ, ನಾವು ದೂರದಿಂದ ನೋಡುವವರು ಎಂಬ ಭಾವ ನನಗೆ ಸಲ್ಲದು. ಹುಬ್ಬಳ್ಳಿಯ ಸೆಟ್ಲಮೆಂಟ್ ನಿನಗೂ ಗೊತ್ತು. ಬ್ರಿಟಿಷರು 1871ರಲ್ಲಿ ಮೊದಲು ತಂದು ಆಮೇಲೆ ಇತ್ತಲೂ ವಿಸ್ತರಿಸಿದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿ, ಹಾಜರಿ ಕರೆದು, ಅನುಮತಿ ಇಲ್ಲದೆ ಹೊರಗೆ ಕಾಲಿಡದಂತೆ ಜನರನ್ನು ಕೂಡಿಹಾಕಿದ ಜಾಗ. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಇತ್ತ ಪರ್ತ್ ನಗರದ ನಡುಭಾಗಕ್ಕೆ ಪಾಸ್ ಇಲ್ಲದೆ ಮೂಲನಿವಾಸಿಗಳು ಕಾಲಿಡುವಂತಿಲ್ಲ ಎಂಬ ನಿಷೇಧ 1927ರಿಂದ 1954ರವರೆಗೆ ಇತ್ತು. ನಾನು ಚಿಕ್ಕವಳಿದ್ದಾಗ ಸೆಟ್ಲಮೆಂಟ್ ಕಡೆಯ ಹುಡುಗಿಯನ್ನು ನಮ್ಮ ಮನೆಯ ಪಡಸಾಲೆಯಲ್ಲೇ ಕೂರಿಸುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ. ಅದನ್ನು ಇಲ್ಲಿ ತರಗತಿಯಲ್ಲಿ ಹೇಳಲು ನನಗೆ ಹತ್ತು ವರ್ಷ ಹಿಡಿಯಿತು.

ಹವಾಮಾನಕ್ಕಾಗಿ ಬೀದಿಗಿಳಿಯುವವರ ವಿಷಯವನ್ನೂ ತಿಳಿದುಕೊಂಡಿರು. ನ್ಯೂ ಸೌತ್ ವೇಲ್ಸ್ ರಾಜ್ಯ 2022ರಲ್ಲಿ ಪ್ರತಿಭಟನೆಯ ಕಾನೂನನ್ನು ಬಿಗಿಗೊಳಿಸಿತು: ಮುಖ್ಯ ರಸ್ತೆ, ಬಂದರು ತಡೆದರೆ ಎರಡು ವರ್ಷದವರೆಗೆ ಸೆರೆ, 22,000 ಡಾಲರ್‌ವರೆಗೆ ದಂಡ. ನೀನು ವಿದ್ಯಾರ್ಥಿ ವೀಸಾದಲ್ಲಿ ಬರುವವಳು. ಮೆರವಣಿಗೆಗೆ ಹೋಗಬೇಡ ಎನ್ನುವುದಿಲ್ಲ, ನಾನೇ ಹೋಗುತ್ತೇನೆ. ಆದರೆ ಬಂಧನವಾದರೆ ಇಲ್ಲಿನವರು ಮನೆಗೆ ಮರಳುತ್ತಾರೆ, ನಿನ್ನ ವೀಸಾಕ್ಕೇ ಕುತ್ತು ಬರಬಹುದು.

ಇನ್ನು ದುಡ್ಡಿನ ಮಾತು. ಇಲ್ಲಿ ಮಾನ್ಯತೆ ಪಡೆದ ಸಮಾಜಕಾರ್ಯ ಪದವಿಗೆ 1,000 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ. ಸಾಮಾನ್ಯವಾಗಿ ಅದಕ್ಕೆ ಸಂಬಳ ಇರುವುದಿಲ್ಲ. 2025ರ ಜುಲೈನಿಂದ ಸರ್ಕಾರ ಅರ್ಹ ವಿದ್ಯಾರ್ಥಿಗಳಿಗೆ ಭತ್ಯೆ ಕೊಡುತ್ತಿದೆ, ಹೊರದೇಶದವರಿಗೆ ಅದು ಸಿಗುವುದಿಲ್ಲ. ತರಗತಿಗಳು ನಡೆಯುವ ಕಾಲದಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ದುಡಿಯಬಹುದು. ಕಡ್ಡಾಯ ಕ್ಷೇತ್ರಕಾರ್ಯ ಆ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನಿಜ, ಆದರೆ ದೇಹಕ್ಕೆ ಆ ಲೆಕ್ಕ ಗೊತ್ತಾಗುವುದಿಲ್ಲವಲ್ಲ. ರಾತ್ರಿ ವೃದ್ಧಾಶ್ರಮದಲ್ಲಿ ಪಾಳಿ ಮುಗಿಸಿ, ಬೆಳಗ್ಗೆ ಕ್ಷೇತ್ರಕಾರ್ಯಕ್ಕೆ ಹೋಗಿ, ಬಸ್ಸಿನಲ್ಲಿ ನಿದ್ದೆ ಹೋಗಿ ಕೊನೆಯ ನಿಲ್ದಾಣದಲ್ಲಿ ಎಚ್ಚರವಾದ ಹುಡುಗಿಯರನ್ನು ಪ್ರತಿ ವರ್ಷ ನೋಡುತ್ತೇನೆ. ಕ್ಷೇತ್ರಕಾರ್ಯದ ತಿಂಗಳುಗಳಿಗೆ ಬಾಡಿಗೆಯ ದುಡ್ಡನ್ನು ಮೊದಲೇ ಬೇರೆ ಎತ್ತಿಡು. ಪೊಲೀಸ್ ಪರಿಶೀಲನಾ ಪತ್ರವನ್ನು ಊರು ಬಿಡುವ ಮೊದಲೇ ಮಾಡಿಸಿಕೋ.

ಅಪರಾಧ ನ್ಯಾಯ, ಹವಾಮಾನ ನ್ಯಾಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೇ ಎಂದೂ ಕೇಳಿದ್ದೀಯ. ಈಗ ಆರಿಸಬೇಡ. ಮೊದಲ ಆರು ತಿಂಗಳು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಹೋಗಿ ಕೂತು ನೋಡು, ಯಾರೂ ತಡೆಯುವುದಿಲ್ಲ.

ಫೆಬ್ರವರಿ ಇಲ್ಲಿ ಸುಡು ಬೇಸಿಗೆ. ಹತ್ತಿ ಬಟ್ಟೆ ತಾ. ಶೇಂಗಾ ಚಟ್ನಿ ತಂದರೆ ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಮುಚ್ಚಿಡದೆ ಬರೆ, ಇಲ್ಲದಿದ್ದರೆ ದಂಡ ಬೀಳುತ್ತದೆ. ಇಳಿದ ಮೇಲೆ ಮೊದಲ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಾ. ರೊಟ್ಟಿ ನಾನೇ ಬಡಿಯುತ್ತೇನೆ.

ಇಂತಿ,
ನಿನ್ನ ಅಕ್ಕ