ಮಾಂಟೆರ್ರೆಯಲ್ಲಿ ‘ಸು’ ಅಂದರೆ ಯಾರದು?

ನೋಡಪ್ಪಾ, ನೀನು ಕೇಳಿದ್ದು ಮೂರು ವಿಷಯ. ಮಳೆಗಾಲ ಮುಗಿದ ಮೇಲೆ ಕೆಲಸಕ್ಕೆ ಮೆಕ್ಸಿಕೋದ ಮಾಂಟೆರ್ರೆಗೆ ಬರ್ತಿದೀನಿ ಅಕ್ಕಾ, ಊಟಕ್ಕೆ ಏನು ಗತಿ, ಹವೆ ಹೇಗೆ ಅಂತ ಎರಡು. ಆಮೇಲೆ ಮೈಸೂರಿನ ಸ್ಪ್ಯಾನಿಷ್ ಕ್ಲಾಸಿನಲ್ಲಿ ‘ಸು’ ಅಂದರೆ ಅವನ, ಅವಳ, ಅವರ, ನಿಮ್ಮ ಎಲ್ಲಾ ಆಗುತ್ತೆ ಅಂತ ಬೋರ್ಡ್ ಮೇಲೆ ಬರೆದು ಕೈತೊಳೆದುಕೊಂಡರು, ಮಾತಾಡುವಾಗ ಯಾರದು ಅಂತ ತಿಳಿಯೋದು ಹೇಗೆ ಅಂತ.

ಊಟಕ್ಕೆ ತೊಂದರೆ ಇಲ್ಲ. ಹೊರಗೆ ಹುರುಳಿಕಾಯಿ ಬೀಜದ ಪಲ್ಯದಂಥದ್ದು ಎಲ್ಲ ಕಡೆ ಸಿಗುತ್ತದೆ, ಆದರೆ ಅದಕ್ಕೆ ಹಂದಿ ಕೊಬ್ಬು ಹಾಕಿರಬಹುದು. ‘ಸಿನ್ ಮಾಂತೇಕಾ’, ಅಂದರೆ ಕೊಬ್ಬು ಬೇಡ ಅಂತ ಹೇಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಜನವರಿಯಲ್ಲಿ ಬೆಂಗಳೂರಿನ ಸ್ವೆಟರ್ ಸಾಲದು. ಅಷ್ಟೇ.

ಇನ್ನು ‘ಸು’. ನಮ್ಮಲ್ಲಿ ‘ತಮ್ಮ’ ಇದೆಯಲ್ಲ, ಅದನ್ನು ನೆನೆಸಿಕೋ. ‘ತಮ್ಮ ಹೆಸರೇನು?’ ಅಂದರೆ ಎದುರಿಗಿರುವವರದು. ‘ಮೇಷ್ಟ್ರು ತಮ್ಮ ಹೆಸರು ಬರೆದರು’ ಅಂದರೆ ಮೇಷ್ಟ್ರದೇ. ‘ಸು’ ಕೂಡ ಹೀಗೆ, ಆದರೆ ಇನ್ನೂ ಸಡಿಲ. ರಾಜು ಸೀನನ ಹತ್ತಿರ ತನ್ನ ತಂಗಿ ವಿಷಯ ಮಾತಾಡಿದ ಅಂದರೆ ನಮಗೆ ತಕರಾರೇ ಇಲ್ಲ, ರಾಜುವಿನ ತಂಗಿ. ಇವರಿಗೆ ಆ ‘ತನ್ನ’ ಬೇರೆ ಇಲ್ಲ. ಯಾರ ತಂಗಿಯಾದರೂ ‘ಸು’. ಸ್ಪೇನಿನಲ್ಲಾದರೂ ನಿಮ್ಮೆಲ್ಲರದು ಅನ್ನೋದಕ್ಕೆ ‘ಬುಯೆಸ್ತ್ರೋ’ ಅಂತ ಬೇರೆ ಮಾತಿದೆ, ಇಲ್ಲಿ ಅದೂ ಬಳಕೆಯಲ್ಲಿಲ್ಲ, ಆ ಹೊರೆಯೂ ‘ಸು’ ತಲೆ ಮೇಲೆ. ‘ಸುಸ್’ ಕಂಡರೆ ಒಡೆಯರು ಹಲವರು ಅಂದುಕೊಳ್ಳಬೇಡ, ವಸ್ತು ಹಲವು. ಇಡೀ ಸಂಸಾರಕ್ಕೆ ಒಂದೇ ಮನೆ ಇದ್ದರೆ ‘ಸು ಕಾಸಾ’, ಒಬ್ಬನಿಗೇ ನಾಲ್ಕು ಮನೆ ಇದ್ದರೆ ‘ಸುಸ್ ಕಾಸಾಸ್’.

ಇದು ನನಗೆ ದುಡ್ಡು ಕೊಟ್ಟು ಕಲಿತ ಪಾಠ. ನಾವು ಬಂದ ಮೊದಲ ಚಳಿಗಾಲ. ನೀರು ಕಾಯಿಸುವ ಗ್ಯಾಸ್ ಗೀಸರ್ ಕೆಟ್ಟಿತು, ಕೆಳಗೆಲ್ಲ ತುಕ್ಕು ಹಿಡಿದು ನೀರು ಜಿನುಗುತ್ತಿತ್ತು, ನಾವು ಬರುವ ಮುಂಚಿನಿಂದಲೇ ಹಾಗಿದ್ದದ್ದು ನೋಡಿದರೇ ಗೊತ್ತಾಗುತ್ತಿತ್ತು. ಮಗುವಿಗೆ ಸ್ನಾನ ಮಾಡಿಸೋಕೆ ಒಲೆ ಮೇಲೆ ಪಾತ್ರೆ ಇಟ್ಟು ಇಟ್ಟು ಸಾಕಾಗಿ ಬಾಡಿಗೆ ಏಜೆಂಟನಿಗೆ ಫೋನ್ ಮಾಡಿದೆ. ಅವನು ಓನರಮ್ಮನನ್ನು ಕೇಳಿ ಹೇಳಿದ: ‘ಲಾ ಸೆನ್ಯೋರಾ ದೀಸೆ ಕೆ ವಾ ಪೋರ್ ಸು ಕ್ವೆಂತಾ.’ ಖರ್ಚು ‘ಸು’ ಲೆಕ್ಕಕ್ಕೆ ಅಂತಾರೆ ಅಮ್ಮಾವ್ರು. ಅಮ್ಮಾವ್ರು ಹೇಳಿದ್ದು, ಹಾಗಾದರೆ ಅಮ್ಮಾವ್ರ ಲೆಕ್ಕಕ್ಕೇ ಅಂತ ಯಾರಿಗಾದರೂ ಅನಿಸುತ್ತೆ ಅಲ್ವಾ? ಹೊಸದು ಹಾಕಿಸಿ ಬಿಲ್ ಕಳಿಸಿದೆವು. ಮನೆ ಬಿಡುವಾಗ ಬಿಲ್ಲಿನ ದುಡ್ಡೂ ಬರಲಿಲ್ಲ, ಅಡ್ವಾನ್ಸಿನಲ್ಲೂ ಮುರಿದುಕೊಂಡರು. ‘ಸು’ ಅಂದರೆ ನಿಮ್ಮದು ಅಂತ ಅವತ್ತೇ ಹೇಳಿದ್ದೆನಲ್ಲ ಅಂತ ಏಜೆಂಟ್ ನಕ್ಕ. ವ್ಯಾಕರಣದಲ್ಲಿ ಅವನು ತಪ್ಪು ಅಂತ ಹೇಳೋಕೆ ಬರೋದಿಲ್ಲ, ಅದೇ ಹೊಟ್ಟೆ ಉರಿಯೋದು. ಈಗಲೂ ಅವನ ಆ ನಗು ನೆನಪಾದರೆ ಮೈ ಉರಿಯುತ್ತದೆ.

ಅದಕ್ಕೇ ದುಡ್ಡು, ಕಾಗದ, ಸಾಮಾನು, ಯಾವ ವಿಷಯದಲ್ಲೇ ‘ಸು’ ಕಿವಿಗೆ ಬಿದ್ದರೂ ತಕ್ಷಣ ‘ದೆ ಕಿಯೆನ್?’, ಯಾರದು, ಅಂತ ಕೇಳು. ‘ದೆ ಎಯಾ’ ಅಂದರೆ ಅವಳದು, ‘ದೆ ಎಲ್’ ಅವನದು, ‘ದೆ ಉಸ್ತೆದ್’ ನಿಮ್ಮದು. ಸಂಕೋಚ ಬೇಡ, ಇಲ್ಲಿಯವರೂ ಕೇಳುತ್ತಾರೆ. ಆಮೇಲೆ ಅದನ್ನೇ ವಾಟ್ಸಾಪಿನಲ್ಲಿ ಬರೆಸಿಕೋ. ಈಗ ಇಲ್ಲಿಗೆ ಬರುವ ನಮ್ಮ ಹುಡುಗರ ಬಾಡಿಗೆ ಕರಾರು ನಾನೇ ಸಾಲುಸಾಲಾಗಿ ಓದುತ್ತೇನೆ, ಏಜೆಂಟರಿಗೆ ನನ್ನ ಕಂಡರೆ ಅಷ್ಟಕ್ಕಷ್ಟೆ.

ಇದೇ ‘ಸು’ ಅಕ್ಕಪಕ್ಕದವರ ಬಾಯಲ್ಲಿ ಬೇರೆಯೇ. ಪಕ್ಕದ ಮನೆ ಅಜ್ಜಿ ‘ಭಾನುವಾರ ಸು ಕಾಸಾದಲ್ಲಿ ಕಾಯ್ತೀವಿ’ ಅಂದರೆ ನಿಮ್ಮ ಮನೆಗೆ ಬರ್ತಾರೆ ಅಂತಲ್ಲ. ತಮ್ಮ ಮನೆಯನ್ನೇ ನಿಮ್ಮದು ಅಂತ ಕರೆಯುವ ಮರ್ಯಾದೆ ಅದು. ನೀನೇ ಹೋಗಬೇಕು, ಬರಿಗೈಲಿ ಹೋಗಬೇಡ, ಅದು ನಿನಗೆ ಹೇಳಿಕೊಡಬೇಕಾಗಿಲ್ಲ. ಆ ಅಜ್ಜಿಗೆ ‘ತು’, ಅಂದರೆ ನೀನು, ಅನ್ನಬೇಡ, ‘ಉಸ್ತೆದ್’, ಅಂದರೆ ನೀವು, ಅನ್ನು. ಆಫೀಸಿನಲ್ಲಿ ನಿನ್ನ ವಯಸ್ಸಿನವರ ಜೊತೆ ‘ತು’ ನಡೆಯುತ್ತದೆ.

ಡಾಕ್ಟರ ಹತ್ತಿರ ಮಾತ್ರ ನನ್ನ ತಲೆ, ನನ್ನ ಹೊಟ್ಟೆ ಅಂತ ಇಂಗ್ಲಿಷಿನವರ ಹಾಗೆ ಶುರು ಮಾಡಬೇಡ. ‘ಮೆ ದುಯೆಲೆ ಲಾ ಕಾಬೇಸಾ’. ನನಗೆ ತಲೆ ನೋಯ್ತಿದೆ, ಅಪ್ಪಟ ಕನ್ನಡ. ಆ ವಾಕ್ಯ ಕಲಿತ ದಿನ ಊರಿನವರು ಸಿಕ್ಕಷ್ಟು ಖುಷಿಯಾಗಿತ್ತು ನನಗೆ.

ಇನ್ನೊಂದು. ಬಂದ ಮೇಲೆ ಕುರ್ಪ್ ಅಂತ 18 ಅಕ್ಷರ-ಅಂಕಿಗಳ ಗುರುತಿನ ನಂಬರ್ ಮಾಡಿಸಬೇಕು, ನಮ್ಮ ಆಧಾರ್ ಥರ. ಇವರಿಗೆ ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು ಅಂತ ಎರಡು ಮನೆತನದ ಹೆಸರು. ‘ಸು ಸೆಗುಂದೋ ಅಪೆಯೀದೋ?’ ಅಂತ ಎರಡನೆಯದು ಕೇಳುತ್ತಾರೆ. ಇಲ್ಲ ಅನ್ನು, ಆ ನಂಬರಿನಲ್ಲಿ ಅದರ ಅಕ್ಷರದ ಜಾಗಕ್ಕೆ ‘ಎಕ್ಸ್’ ಬೀಳುತ್ತದೆ, ಗಾಬರಿಯಾಗಬೇಡ. ಮೊದಲನೆಯದೂ ಇಲ್ಲದಿದ್ದರೆ ಪೇಚಾಟ. ನಿಮ್ಮ ಮನೆಯಲ್ಲಿ ಎಲ್ಲರಿಗೂ ಇನಿಷಿಯಲ್ ಮಾತ್ರ ಅಂದಿದ್ದೆಯಲ್ಲ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯಾ ನೋಡು. ಖಾಲಿ ಇದ್ದರೆ ವೀಸಾಗೆ ಹಾಕುವ ಮುಂಚೆಯೇ ಸರಿಮಾಡಿಸಿಕೋ.