ಮೈಯ ಉರಿಯೂತಕ್ಕೂ ಮಂಡೆಗೂ ಸಂಬಂಧ ಉಂಟಾ?

ಉಂಟು. ನಮ್ಮ ಉಡುಪಿ ಕಡೆ ಚಿಂತೆಗೆ ಮಾತ್ರ "ಮಂಡೆಬಿಸಿ" ಅನ್ನುವುದು. ಆದರೆ ಗಾಯದ ಬಿಸಿ, ಕೆಂಪು, ಊತದ ಮೇಲೂ ಮಂಡೆಗೆ ಹಿಡಿತ ಇದೆ.

ಮುಖ್ಯ ದಾರಿ ವೇಗಸ್ ನರ. ಮೆದುಳಿನ ಕಾಂಡದಿಂದ ಹೊಟ್ಟೆಯವರೆಗೆ ಇಳಿಯುವ ಇದರ ಬಹುಪಾಲು ತಂತುಗಳ ಕೆಲಸ ಆಜ್ಞೆ ಒಯ್ಯುವುದಲ್ಲ, ಸುದ್ದಿ ತರುವುದು. ಮಲ್ಪೆಯ ಬೋಟುಗಳು ಕಡಲಿನಿಂದ ದಡಕ್ಕೆ ವೈರ್‌ಲೆಸ್‌ನಲ್ಲಿ ಹೇಳಿದ ಹಾಗೆ. ಸೋಂಕಾದಾಗ ಪ್ರತಿರಕ್ಷಣಾ ಕೋಶಗಳು ಸೈಟೋಕೈನ್ ಎಂಬ ಸಂದೇಶದ ಪ್ರೋಟೀನು ಬಿಡುತ್ತವೆ. ಅದರ ಸುಳಿವು ಸಿಕ್ಕ ಮೆದುಳು ಗುಲ್ಮಕ್ಕೆ (ಹೊಟ್ಟೆಯ ಎಡಗಡೆಯ ಸ್ಪ್ಲೀನ್) ಮರುಸಂಕೇತ ಕಳಿಸುತ್ತದೆ. ಅಲ್ಲಿ ಟಿ-ಕೋಶ ಎಂಬ ಕೆಲವು ಬಿಳಿ ರಕ್ತಕೋಶಗಳು ಅಸಿಟೈಲ್‌ಕೋಲಿನ್ ಸುರಿಸುತ್ತವೆ (ನರಗಳ ರಾಸಾಯನಿಕ ರಕ್ತಕೋಶದಲ್ಲಿ, ನೋಡಿ!). ಆಗ ಮ್ಯಾಕ್ರೋಫೇಜ್ ಎಂಬ ಪ್ರತಿರಕ್ಷಣಾ ಕೋಶಗಳು ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಸೈಟೋಕೈನ್‌ನ ತಯಾರಿ ತಗ್ಗಿಸುತ್ತವೆ. ಈ ವಿವರ ಹೆಚ್ಚಾಗಿ ಇಲಿಗಳಲ್ಲಿ ಕಂಡದ್ದು. 2002ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ ಇದಕ್ಕೆ "ಉರಿಯೂತದ ಪ್ರತಿವರ್ತನೆ" ಎಂಬ ಅರ್ಥದ ಹೆಸರಿಟ್ಟರು.

ಇನ್ನೊಂದು ದಾರಿ ಕಾರ್ಟಿಸಾಲ್. ಮೆದುಳಿನ ಹೈಪೊಥಲಾಮಸ್ ಹೇಳಿ, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ದಾಟಿಸಿ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಬಿಡುವ, ಉರಿಯೂತ ತಗ್ಗಿಸುವ ಹಾರ್ಮೋನು. ಉರಿಯೂತಕ್ಕೆ ವೈದ್ಯರು ಕೊಡುವ ಸ್ಟೀರಾಯ್ಡ್ ಇದರ ದಾಯಾದಿಯೇ. ಮಂಡೆಬಿಸಿ ತಿಂಗಳುಗಟ್ಟಲೆ ಎಳೆದರೆ ಕೋಶಗಳು ಇದಕ್ಕೆ ಸರಿಯಾಗಿ ಓಗೊಡುವುದಿಲ್ಲ.

ಸಂಧಿವಾತಕ್ಕೆ ವೇಗಸ್ ನರ ಪ್ರಚೋದಿಸುವ ಪುಟ್ಟ ಸಾಧನಕ್ಕೆ 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಹಾಗಂತ ವೇಗಸ್ ಚುರುಕಾಗಲಿ ಎಂದು ಪ್ರಾಣಾಯಾಮ ಶುರುಮಾಡಿ ಗಂಟುನೋವಿನ ಮಾತ್ರೆ ಬಿಡಬೇಡಿ ಮಾರಾಯ್ರೆ.