ಇಪ್ಪತ್ತು ಅಂಕದ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಚಳ್ಳಕೆರೆ ಕಡೆಯ ಹಳ್ಳಿಯ ಹುಡುಗಿ, ಹತ್ತನೇ ತರಗತಿ. ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರು ಏನೂ ಇಲ್ಲವೆಂದ ಮೇಲೆ ತಾಯಿ ಆಪ್ತಸಮಾಲೋಚನೆಗೆಂದು ಚಿತ್ರದುರ್ಗಕ್ಕೆ ನನ್ನ ಬಳಿ ಕರೆತಂದರು. ಬಹಳ ಹೊತ್ತು ಸುಮ್ಮನಿದ್ದವಳು ಕೊನೆಗೆ ಹೇಳಿದಳು: "ಪ್ರಾಜೆಕ್ಟ್ ಎಷ್ಟ್ ಚೆನ್ನಾಗ್ ಮಾಡಿದ್ರೂ ನಂಗೆ ಅಷ್ಟೇ ಮೇಡಂ. ಸ್ಕಾಲರ್‌ಶಿಪ್ ಬರೋರು ಎದ್ ನಿಲ್ರಿ ಅಂದ್ರಲ್ಲ, ಆವತ್ತಿಂದ ಹಿಂಗೇ." ಅದು ಜಾತಿ ನೋಡಿ ಕೊಡುವ ಸ್ಕಾಲರ್‌ಶಿಪ್; ಎದ್ದು ನಿಂತವರ ಜಾತಿ ತರಗತಿಗೆಲ್ಲ ಗೊತ್ತಾಗುತ್ತದೆ.

ವಿಜ್ಞಾನದ ಅರ್ಧವಾರ್ಷಿಕದಲ್ಲಿ ಅವಳಿಗೆ 80ಕ್ಕೆ 67 ಬಂದಿತ್ತು. ಚಟುವಟಿಕೆಯ ಅಂಕ ಮಾತ್ರ ತರಗತಿಗೇ ಕಡಿಮೆ. ಎಸ್‌ಎಸ್‌ಎಲ್‌ಸಿಯಲ್ಲಿ ಈ ವಿಷಯಕ್ಕೆ 80 ಲಿಖಿತ, 20 ಆಂತರಿಕ. 80 ಅಂಕದ ಪತ್ರಿಕೆ ತಿದ್ದುವವರಿಗೆ ಮಗುವಿನ ಪರಿಚಯವಿಲ್ಲ. 20 ಅಂಕ ಕೊಡುವವರಿಗೆ ಅದರ ಹೆಸರು, ಕೇರಿ, ಮನೆ ಎಲ್ಲ ಗೊತ್ತು.

"ಆ ಟೀಚರ್ ನಮ್ ಜನಾನೇ. ಅವರು ಹಂಗ್ ಮಾಡ್ತಾರಾ?" ಎಂದರು ತಾಯಿ. ಆಗಬಾರದೆಂದೇನೂ ಇಲ್ಲ. ಅರ್ಥಶಾಸ್ತ್ರಜ್ಞರಾದ ರೆಮಾ ಹನ್ನಾ ಮತ್ತು ಲೀ ಲಿಂಡನ್ ಭಾರತದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ತರಪತ್ರಿಕೆಗಳ ಮೇಲೆ ಮಗುವಿನ ನಿಜ ಜಾತಿಗೆ ಸಂಬಂಧವಿಲ್ಲದೆ ಯಾವುದೋ ಒಂದು ಜಾತಿ ನಮೂದಿಸಿ ಶಿಕ್ಷಕರಿಗೆ ತಿದ್ದಲು ಕೊಟ್ಟಿದ್ದರು. ತಳಸಮುದಾಯವೆಂದು ಬರೆದ ಪತ್ರಿಕೆಗಳಿಗೆ ತುಸು ಕಡಿಮೆ ಅಂಕ ಬಿತ್ತು. ಹಾಗೆ ಕಡಿಮೆ ಕೊಟ್ಟವರು ತಳಸಮುದಾಯದ ಶಿಕ್ಷಕರೇ. ದ್ವೇಷ ಬೇಕಿಲ್ಲ, "ಇವರ ಕೈಲಿ ಇಷ್ಟೇ ಆಗೋದು" ಎಂಬ ಎಣಿಕೆ ಸಾಕು. ಈ ಟೀಚರ್ ಹಾಗೆ ಮಾಡಿದ್ದಾರೆಂದು ನಾನು ಹೇಳಲಾರೆ. ಆದರೆ ಲೆಕ್ಕ ಕೇಳಲೇಬೇಕು.

ತಾಯಿಗೆ ಹೇಳಿದೆ: ಜಾತಿಯ ಮಾತಿನಿಂದ ಶುರು ಮಾಡಬೇಡಿ. ಯಾವುದಕ್ಕೆ ಎಷ್ಟು ಅಂಕ, ಮಗಳ ಕೆಲಸದಲ್ಲಿ ಕೊರತೆ ಎಲ್ಲಿ ಎಂದು ಮುಖ್ಯ ಶಿಕ್ಷಕರಿಗೆ ಅರ್ಜಿ ಬರೆದು ಕೇಳಿ, ಸ್ವೀಕೃತಿ ತಗೊಳ್ಳಿ. ಜಾತಿ ಎತ್ತಿ ಯಾರಾದರೂ ಅವಮಾನ ಮಾಡಿದ್ದರೆ ದಾರಿ ಬೇರೆ; ಮಕ್ಕಳ ಸಹಾಯವಾಣಿ 1098ಕ್ಕೆ ನೇರವಾಗಿ ಕರೆ ಮಾಡಿ.

ಹುಡುಗಿಗೆ "ಇನ್ನೂ ಚೆನ್ನಾಗಿ ಮಾಡು" ಎನ್ನಲಿಲ್ಲ. ಎಲ್ಲರೂ ಅದನ್ನೇ ಹೇಳಿ ಹೇಳಿ, ತಪ್ಪು ತನ್ನದೇ ಎಂದು ಅವಳು ನಂಬಿಬಿಟ್ಟಿದ್ದಳು. ಒಪ್ಪಿಸುವ ಮೊದಲು ಪ್ರಾಜೆಕ್ಟಿನ ಫೋಟೊ ತೆಗೆದಿಟ್ಟುಕೋ, ಅಂಕ ಕೈಗೆ ಬಂದ ದಿನವೇ ಕಾರಣ ಕೇಳು ಎಂದೆ.

ಅವರಿಬ್ಬರ ಒಪ್ಪಿಗೆ ಪಡೆದು ಮುಖ್ಯ ಶಿಕ್ಷಕರ ಜೊತೆಯೂ ಮಾತಾಡಿದೆ. ಅಂಕ ಹಂಚುವ ರೀತಿಯನ್ನು ಮೊದಲೇ ಬೋರ್ಡಿನ ಮೇಲೆ ಬರೆಯಿರಿ, ಹೆಸರಿರುವ ಪುಟ ಮಡಚಿ ತಿದ್ದಿ, ಸ್ಕಾಲರ್‌ಶಿಪ್ ವಿಚಾರಕ್ಕೆ ಮಕ್ಕಳನ್ನು ಎಬ್ಬಿಸಿ ನಿಲ್ಲಿಸದೆ ಪೋಷಕರನ್ನು ಕರೆಸಿ ಎಂದು ಕೇಳಿಕೊಂಡೆ. ಕೊನೆಯದಕ್ಕೆ ಅಲ್ಲೇ ಒಪ್ಪಿದರು. ಹಳೆಯ ಪ್ರಾಜೆಕ್ಟುಗಳನ್ನು ಬೇರೆ ವಿಜ್ಞಾನ ಶಿಕ್ಷಕರಿಂದ ನೋಡಿಸಿ ಎಂಬ ತಾಯಿಯ ಅರ್ಜಿಗೆ ಉತ್ತರ ಬಂದಿಲ್ಲ. ಬರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುವುದೆಂದು ತಾಯಿ, ಮಗಳು ಇಬ್ಬರೂ ತೀರ್ಮಾನಿಸಿದ್ದಾರೆ.